ನಾದ ನೋಡಿ ತಂದ ಲೈನರುಗಳು

ಕಳೆದ ವರ್ಷ ಯುಗಾದಿ ಮುಗಿದ ವಾರ ನಮ್ಮ ಲಾರಿಯ ಎಂಜಿನ್ ಬಿಚ್ಚಬೇಕಾಗಿ ಬಂತು. ಎಂ.ಎ. ಮುಗಿಸಿದ್ದ ನಾನು ಆಗ ಊರಿನಲ್ಲೇ ಇದ್ದೆ. ನಮ್ಮದು ಕಳ್ಳಂಬೆಳ್ಳದ ಕೆರೆಯಾಚೆಗಿನ ಒಂದು ಸಣ್ಣ ಹಟ್ಟಿ. ತಾತನ ಕಾಲದವರೆಗೂ ನಮ್ಮವರು ಕುರಿಯ ಹಿಂದೆ ನಡೆದವರು. ಅಪ್ಪ ಚಿತ್ತಯ್ಯ ಮಾತ್ರ ಕುರಿಯ ಮುಂದೆ ಕೂತು ಸ್ಟಿಯರಿಂಗ್ ಹಿಡಿದರು. ಹಳೆಯದೊಂದು ಟರ್ಬೋ ಲಾರಿ ಕೊಂಡು, ಅದರ ಬಾಡಿಯ ಮೇಲೆ ಹಲಗೆ ಹೊಡೆಸಿ ಎರಡು ಅಂತಸ್ತು ಮಾಡಿಸಿ, ಕುರಿಮಂದೆಗಳನ್ನು ಊರಿಂದೂರಿಗೆ ಸಾಗಿಸುವುದೇ ಅವರ ಕೆಲಸ.

ಈ ಕೆಲಸಕ್ಕೆ ಈಚೆಗೆ ಬೇಡಿಕೆ ಹೆಚ್ಚಿದೆ. ಪಾವಗಡದ ತಿರುಮಣಿ ಕಡೆ ಹಿಂದೆ ಕುರಿ ಮೇಯುತ್ತಿದ್ದ ಬಯಲುಗಳಲ್ಲಿ ಈಗ ಸೋಲಾರ್ ಹಲಗೆಗಳ ಸಾಲು, ಸುತ್ತ ತಂತಿಬೇಲಿ. ಅಲ್ಲಿನ ಕುರಿಯವರು ಬೇಸಿಗೆಯಲ್ಲಿ ಮಂದೆಯನ್ನು ಮಧುಗಿರಿ, ಕೊರಟಗೆರೆಯ ಕಡೆಗೆ ತರುತ್ತಾರೆ. ಬೆಳೆ ಕೊಯ್ದ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ಹೊಲದವರಿಗೆ ಗೊಬ್ಬರ, ಕುರಿಯವರಿಗೆ ಕೂಲಿ ಮತ್ತು ಕಾಳು. ಆ ವರ್ಷ ತಿರುಮಣಿಯ ಪಕ್ಕದ ಹಳ್ಳಿಯ ಜುಂಜಣ್ಣನ ಮಂದೆಯನ್ನು ಕೊರಟಗೆರೆ ಬಳಿಯ ಒಂದು ತೋಟದ ಹೊಲಕ್ಕೆ ತಲುಪಿಸುವುದಾಗಿ ಅಪ್ಪ ಮಾತು ಕೊಟ್ಟಿದ್ದರು. ಮಾತು ಕೊಟ್ಟ ಮೇಲೆಯೇ ಲಾರಿ ಕೈಕೊಡಲು ಶುರುಮಾಡಿತು. ಆಯಿಲ್ ಕುಡಿಯುತ್ತಿತ್ತು, ನೀಲಿ ಹೊಗೆ ಉಗುಳುತ್ತಿತ್ತು, ದಿಣ್ಣೆ ಬಂದರೆ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು.

ಸಿರಾದ ಹೆದ್ದಾರಿ ಪಕ್ಕದ ಗ್ಯಾರೇಜ್ ಸಾಲಿನಲ್ಲಿ ಕಲಂದರ್ ಸಾಬರದ್ದು ತಗಡಿನ ಒಂದು ಶೆಡ್ಡು. ನಮ್ಮ ಲಾರಿಯ ಎಂಜಿನ್ನನ್ನು ಅಪ್ಪ ಅವರ ಕೈಗಲ್ಲದೆ ಬೇರೆಯವರ ಕೈಗೆ ಎಂದೂ ಕೊಟ್ಟವರಲ್ಲ. ನಾನು ಚಿಕ್ಕಂದಿನಿಂದ ಅವರನ್ನು ಮಾಮ ಎಂದೇ ಕರೆಯುತ್ತೇನೆ. ಅವರು ಎಂಜಿನ್ನಿನ ಸದ್ದು ಕೇಳಿ ಅಪ್ಪನನ್ನು ರೇಗಿಸಿದರು.

“ಚಿತ್ತಯ್ಯ, ಇದಕ್ಕೆ ಆಯಿಲ್ ಉಯ್ದು ಉಯ್ದು ನಿನ್ ಕೈ ಸೋತೈತೆ ಹೊರ್ತು ಇದ್ರ ಹೊಟ್ಟೆ ತುಂಬಾಕಿಲ್ಲ. ಬಿಚ್ಚಿಬುಡಾನ.”

ಬಿಚ್ಚಿ ನೋಡಿದಾಗ ಲೈನರುಗಳು ಸವೆದುಹೋಗಿದ್ದವು. ಲೈನರ್ ಎಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಬೀಡುಕಬ್ಬಿಣದ ಕೊಳವೆ. ಅದರ ಬಾಯಿಯ ಸುತ್ತ ಉಂಗುರದಂತೆ ಹೊರಚಾಚಿದ ಅಂಚಿಗೆ ಕಾಲರ್ ಎನ್ನುತ್ತಾರೆ. ಇಡೀ ಕೊಳವೆ ಆ ಕಾಲರಿನ ಮೇಲೆಯೇ ಜೋತುಬಿದ್ದಿರುತ್ತದೆ. ನಮ್ಮ ಲಾರಿಯಂಥ ಟರ್ಬೋ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ ಒತ್ತಿ ತುಂಬುವುದರಿಂದ ಬೆಂಕಿಯ ಹೊಡೆತ ಸಾದಾ ಎಂಜಿನ್ನಿಗಿಂತ ಜೋರು. ಆ ಹೊಡೆತವನ್ನು ಮೊದಲು ತಾಳಿಕೊಳ್ಳಬೇಕಾದ್ದು ಲೈನರ್. ಇದೆಲ್ಲ ನನಗೆ ಆಗ ತಿಳಿದಿರಲಿಲ್ಲ. ತಿಳಿಯುವಂತೆ ಆದದ್ದು ಆಮೇಲೆ.

ಕಳಚಿದ ಹಳೆಯ ಸಾಮಾನನ್ನು ಗಾಡಿಯವನಿಗೆ ಮರಳಿಸುವುದು ಆ ಸಾಲಿನ ರೂಢಿ. ಹೊಸದು ಹಾಕಿದ್ದೇನೆ ಎಂಬ ಮಾತಿಗೆ ಹಳೆಯದೇ ಸಾಕ್ಷಿ. ಮಾಮ ಹಳೆಯ ಲೈನರುಗಳನ್ನು ಗೋಣಿಚೀಲಕ್ಕೆ ತುಂಬಿ ಅಂದೇ ಅಪ್ಪನ ಕೈಗೆ ಕೊಟ್ಟರು. ಮನೆಗೆ ತಂದಾಗ ಅವ್ವ ಅದರಲ್ಲಿ ಒಂದನ್ನು ಎತ್ತಿ, ತೊಳೆದು, ನೀರಿನ ಗಡಿಗೆಯ ಕೆಳಗೆ ಇಟ್ಟಳು. ಇಷ್ಟು ವರ್ಷ ನಮಗಾಗಿ ದುಡಿದದ್ದನ್ನು ಗುಜರಿಗೆ ಹಾಕಬಾರದು ಎಂಬುದು ಅವಳ ವಾದ. ಗಡಿಗೆ ಅದರ ಮೇಲೆ ಚೆನ್ನಾಗಿ ಕೂತಿತು.

ಮರುದಿನ ಬೆಳಿಗ್ಗೆ ಅಪ್ಪ, ಮಾಮ ಮತ್ತು ನಾನು ಬಿಡಿಭಾಗಗಳ ಅಂಗಡಿಗೆ ಹೋದೆವು. ಅದು ಊರಿನಲ್ಲಿ ದೊಡ್ಡ ಅಂಗಡಿ. ಮಾಲೀಕರು ಗಲ್ಲಾದ ಹಿಂದೆ ಕೂತೇ ಮಾತಾಡುವವರು. ಕಂಪನಿಯದೇ ಲೈನರ್ ಬೇಕಾದರೆ ಬೆಂಗಳೂರಿನಿಂದ ತರಿಸಬೇಕು, ವಾರದ ಮೇಲಾಗುತ್ತದೆ ಎಂದರು. ಹೊರಗಿನ ತಯಾರಿಕೆಯದಾದರೆ ಈಗಲೇ ಇದೆ. ಅಪ್ಪನ ಮುಖ ನೋಡಿದೆ. ಜುಂಜಣ್ಣನ ಕಡೆ ಮೇವು ಮುಗಿದಿತ್ತು. ಕೊರಟಗೆರೆಯ ಹೊಲದವರು ಉಳುಮೆ ನಿಲ್ಲಿಸಿಕೊಂಡು ಮಂದೆಗಾಗಿ ಕಾಯುತ್ತಿದ್ದರು. ವಾರ ಕಾಯುವ ಹಾಗಿರಲಿಲ್ಲ.

“ಟರ್ಬೋ ಗಾಡಿ ಕಣ್ರೀ ಯಜಮಾನ್ರೆ. ಟರ್ಬೋಂದೇ ಕೊಡಿ,” ಎಂದರು ಮಾಮ. ಈ ಮಾತನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

ಮಾಲೀಕರು ನಕ್ಕರು. “ಎರಡಕ್ಕೂ ಇದೇಯ ಸಾಬ್ರೆ. ಒಳಗಿನ ಬೋರು ಒಂದೇ, ಉದ್ದಾನೂ ಒಂದೇ. ಟರ್ಬೋ ಅಂತ ಹೆಸ್ರು ಹಾಕಿ ಜಾಸ್ತಿ ಕೀಳ್ತಾರೆ ಅಷ್ಟೆ. ಈ ಸೀಮೇಲಿ ಯಾವ್ ಗಾಡಿಗೆ ನಾವು ಹಾಕ್ಸಿಲ್ಲ ಹೇಳಿ?”

ಡಬ್ಬದ ಮೇಲೆ ಎಂಜಿನ್ನಿನ ಹೆಸರಿತ್ತು, ಒಂದು ಹುಲಿಯ ಚಿತ್ರವಿತ್ತು. ತಯಾರಿಸಿದವರ ವಿಳಾಸವಿರಲಿಲ್ಲ. ಟರ್ಬೋಗೋ ಸಾದಾಗೋ ಎಂಬ ಒಂದು ಅಕ್ಷರವೂ ಇರಲಿಲ್ಲ. ನಾನು ಬಿಲ್ ಕೇಳಿದೆ. ಬಿಲ್ಲಾದರೆ ರೇಟೇ ಬೇರೆಯಾಗುತ್ತದಲ್ಲ ಎಂದು ಮಾಲೀಕರು ಅಪ್ಪನತ್ತ ನೋಡಿದರು. ಅಪ್ಪ ನನ್ನತ್ತ ನೋಡಿ ಬೇಡವೆಂದು ಕಣ್ಣಲ್ಲೇ ತಡೆದರು.

ಆಮೇಲೆ ಮಾಮ ಮಾಡಿದ್ದನ್ನು ನಾನು ಬೆರಗಿನಿಂದ ನೋಡಿದೆ. ಒಂದೊಂದು ಲೈನರಿಗೂ ದಾರ ಕಟ್ಟಿ ಗಾಳಿಯಲ್ಲಿ ತೂಗಿಬಿಟ್ಟು, ಸಣ್ಣ ಸ್ಪ್ಯಾನರಿನಿಂದ ಮೆಲ್ಲಗೆ ಬಡಿದರು. ಸಂತೆಯಲ್ಲಿ ಹೆಂಗಸರು ಮಡಕೆಯನ್ನು ಬೆರಳ ಗೆಣ್ಣಿನಿಂದ ಬಡಿದು ಕೊಳ್ಳುವುದಿಲ್ಲವೇ, ಹಾಗೆ. ಒಡಕಿದ್ದರೆ ಸದ್ದು ಸತ್ತಿರುತ್ತದೆ. ಗಟ್ಟಿಯಿದ್ದರೆ ಗಂಟೆಯಂತೆ ಎಳೆದು ನಿಲ್ಲುತ್ತದೆ. ಇದಕ್ಕೆ ಅಲ್ಲಿ ‘ನಾದ ನೋಡುವುದು’ ಎನ್ನುತ್ತಾರೆ. ಅಂಗಡಿಯೊಳಗೆ ಎಲ್ಲರೂ ಮಾತು ನಿಲ್ಲಿಸಿದರು. ಪ್ರತಿಯೊಂದು ಲೈನರೂ ತುಂಬು ದನಿಯಲ್ಲಿ ಮೊಳಗಿತು. ಕೊನೆಯದರ ಸದ್ದು ಅಡಗುವವರೆಗೂ ಕಿವಿಗೊಟ್ಟು, ಮಾಮ ತಲೆಯಾಡಿಸಿದರು.

ಆ ತಲೆಯಾಡಿಸುವಿಕೆಗೆ ಒಂದು ಅರ್ಥವಿದೆ ಎಂಬುದು ಕೂಡ ನನಗೆ ಆಮೇಲೆ ತಿಳಿಯಿತು. ಎಂಜಿನ್ ಮೇಸ್ತ್ರಿ ನಾದ ನೋಡಿ ತಲೆಯಾಡಿಸಿದನೆಂದರೆ ಮಾಲು ಒಪ್ಪಿದ ಹಾಗೆ. ಅಲ್ಲಿಂದಾಚೆಗೆ ಅಂಗಡಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಬರೆದಿಟ್ಟ ಕಾನೂನಿಗಿಂತ ಬಿಗಿಯಾಗಿ ಪಾಲಿಸುತ್ತಾರೆ.

ಎಂಜಿನ್ ಜೋಡಣೆಯಾಯಿತು. ಅಂಚು ಸರಿಯಾಗಿ ಕೂತಿದೆಯೇ ಎಂದು ಮಾಮ ಉಗುರಾಡಿಸಿ ನೋಡಿದರು. ಅಲ್ಲಿಯೂ ದೋಷ ಕಾಣಲಿಲ್ಲ. ಲಾರಿ ಹೊಗೆಯಿಲ್ಲದೆ ಓಡಿತು. ಖಾಲಿ ಗಾಡಿಯನ್ನು ಕೆಲವು ದಿನ ನಿಧಾನವಾಗಿ ಓಡಿಸಿ ಪಳಗಿಸಿದ ಮೇಲೆ ಅಪ್ಪ ತಿರುಮಣಿಗೆ ಹೊರಟರು. ಮಧುಗಿರಿಯಲ್ಲಿ ಗೆಳತಿಯೊಬ್ಬಳನ್ನು ನೋಡಬೇಕಾಗಿದ್ದರಿಂದ ನಾನೂ ಜೊತೆಗೆ ಹತ್ತಿದೆ.

ಜುಂಜಣ್ಣ ಕುರಿಗಳನ್ನು ದಿಣ್ಣೆಯ ಬಳಿ ಸೇರಿಸಿಕೊಂಡು ಕಾಯುತ್ತಿದ್ದ. ಮೇಲಂತಸ್ತಿಗೆ ಕುರಿ ಹತ್ತಿಸಲು ಲಾರಿಯನ್ನು ಎತ್ತರದ ದಿಣ್ಣೆಗೆ ಒರಗಿಸಿ ನಿಲ್ಲಿಸಬೇಕು. ಇಳಿಸಲೂ ಅಂಥದೇ ದಿಣ್ಣೆ ಬೇಕು. ಗಬ್ಬದ ಕುರಿಗಳು ತುಳಿತಕ್ಕೆ ಸಿಗದಿರಲಿ ಎಂದು ಅವನು ಅವನ್ನು ಮೇಲಂತಸ್ತಿಗೇ ಹತ್ತಿಸಿದ. ಅವನ ಹೆಂಡತಿ ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ, ಮಂದೆಗೆ ಮುಂದಾಳಾಗಿದ್ದ ಕರಿಮೊಗದ ಕುರಿಯೊಂದು ಎಲ್ಲಕ್ಕಿಂತ ಮೊದಲು ತಾನೇ ಹತ್ತಿ ಮುಂದಿನ ಮೂಲೆ ಹಿಡಿಯಿತು.

“ನಮ್ಮಪ್ಪ ಕೊರಟಗೆರೆ ತಂಕ ನಡ್ಕಂಡೇ ಹೋದ,” ಎಂದು ಜುಂಜಣ್ಣ ಕ್ಯಾಬಿನ್ನಿನಲ್ಲಿ ನನ್ನ ಪಕ್ಕ ಕೂರುತ್ತಾ ನಕ್ಕ. “ನನ್ ಕುರಿಗುಳು ನೋಡಮ್ಮ, ಮಹಡಿ ಮನೇಲಿ ಕುಂತ್ಕಂಡು ಹೋಗ್ತಾವೆ. ಈ ಪುಣ್ಯ ನಂಗಿಲ್ಲ.”

ಅಪ್ಪ ಸುಮ್ಮನಿರಲಿಲ್ಲ. “ಹತ್ಕಳ್ಲಾ ನೀನೂವೆ. ಜಾಗ ಐತೆ. ಕಿರುಚ್ಕಂಡ್ ಕಿರುಚ್ಕಂಡ್ ಬರ್ಬೌದು.”

ಮಿಡಿಗೇಶಿ ಹತ್ತಿರವಾಗುತ್ತಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಉದ್ದನೆಯ ಏರಿನಲ್ಲಿ ತುಂಬಿದ ಲಾರಿ ಪೂರಾ ಬಲ ಹಾಕಿ ಹತ್ತುತ್ತಿದ್ದಾಗ ಎಂಜಿನ್ನಿನೊಳಗಿಂದ ಏನೋ ಮುರಿದ ಸದ್ದು ಬಂತು. ಮರುಗಳಿಗೆಯಲ್ಲಿ ಭಾರಿ ಶಬ್ದದೊಂದಿಗೆ ಬಿಸಿನೀರು, ಹಬೆ ಎರಡೂ ಕ್ಯಾಬಿನ್ನಿನ ಹಿಂದಿನಿಂದ ಮೇಲಕ್ಕೆ ಚಿಮ್ಮಿದವು. ಎಂಜಿನ್ ನಿಂತಿತು. ಅಪ್ಪ ಹೇಗೋ ಲಾರಿಯನ್ನು ಪಕ್ಕಕ್ಕೆಳೆದು ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಲು ಹಾರಿದರು.

ನಮಗೆ ಮೂವರಿಗೂ ಏನೂ ಆಗಲಿಲ್ಲ. ಆದರೆ ಹಬೆಯ ಸದ್ದಿಗೆ ಬೆದರಿದ ಮೇಲಂತಸ್ತಿನ ಕುರಿಗಳು ಒಂದರ ಹಿಂದೊಂದು ತಮ್ಮ ಮುಂದಾಳಿದ್ದ ಮೂಲೆಗೇ ನುಗ್ಗಿದ್ದವು. ಮುಂದಾಳಿನ ಹಿಂದೆ ಹೋಗುವುದು ಅವಕ್ಕೆ ಹುಟ್ಟಿನಿಂದ ಬಂದದ್ದು. ಒಂದರ ಮೇಲೊಂದು ರಾಶಿಬಿದ್ದವು. ಕೆಳಗಿನವು ಉಸಿರಿಗಾಗಿ ಒದ್ದಾಡುವುದು ಹಲಗೆಯ ಸಂದಿನಲ್ಲಿ ಕಾಣುತ್ತಿತ್ತು. ಬಾಗಿಲು ತೆರೆದರೆ ಇಳಿಸಲು ದಿಣ್ಣೆಯಿಲ್ಲ, ಲಾರಿಯನ್ನು ದಿಣ್ಣೆಯ ಬಳಿಗೆ ಒಯ್ಯಲು ಎಂಜಿನ್ನಿಲ್ಲ. ಜುಂಜಣ್ಣ ಮೇಲೆ ಹತ್ತಿ ಒಂದೊಂದನ್ನೇ ಎಳೆದು ಕೆಳಕ್ಕೆ ಚಾಚುತ್ತಿದ್ದ. ಅಪ್ಪ, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಬೈಕಿನವರು ಮತ್ತು ನಾನು ಹೆಗಲು ಕೊಟ್ಟು ಇಳಿಸಿಕೊಳ್ಳುತ್ತಿದ್ದೆವು. ತುಂಬುಗಬ್ಬದ ಕುರಿ ಹೆಗಲ ಮೇಲೆ ಎಷ್ಟು ಭಾರ ಎಂಬುದನ್ನು ನನ್ನ ಮೈ ಇನ್ನೂ ಮರೆತಿಲ್ಲ. ಮೂಲೆ ತಲುಪುವಷ್ಟರಲ್ಲಿ ಅಲ್ಲಿದ್ದವು ತಣ್ಣಗಾಗಿದ್ದವು. ಕರಿಮೊಗದ ಕುರಿ ಎಲ್ಲಕ್ಕಿಂತ ಕೆಳಗಿತ್ತು.

ಸತ್ತ ಕುರಿಗಳನ್ನು ಹೊಂಗೆಮರದ ನೆರಳಿನಲ್ಲಿ ಸಾಲಾಗಿ ಮಲಗಿಸಿದೆವು. ಜುಂಜಣ್ಣ ಕರಿಮೊಗದ ಕುರಿಯ ಕಿವಿ ಹಿಡಿದುಕೊಂಡು ಕೂತ. ಅವನು ಬೈಯಲಿಲ್ಲ. “ಏಂ ಚೇಸ್ತಾಂ,” ಎಂದ, ತನಗೆ ತಾನೇ ಹೇಳಿಕೊಳ್ಳುವಂತೆ, ತೆಲುಗಿನಲ್ಲಿ. “ಏನ್ ಮಾಡಾಕಾಗ್ತೈತೆ.”

ಅಪ್ಪ ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. “ನನ್ ಗಾಡೀಲಿ ಸತ್ತವೆ ಕಣ್ಲಾ ಜುಂಜ. ನನ್ ರೊಪ್ಪದಾಗ್ಳಿಂದ ಹಿಡ್ಕಂಡು ಹೋಗು. ಗಬ್ಬದವನ್ನೇ ಹಿಡ್ಕ.”

ಹೊಣೆ ಎಂಬ ಪದವನ್ನು ನಾನು ಪಾಠಗಳಲ್ಲಿ, ಭಾಷಣಗಳಲ್ಲಿ ಸಾಕಷ್ಟು ಕೇಳಿದ್ದೆ. ಯಾರೂ ಕೇಳದೆಯೇ ಒಬ್ಬರು ಅದನ್ನು ಎತ್ತಿ ಹೆಗಲಿಗೇರಿಸಿಕೊಂಡದ್ದನ್ನು ಅಂದು ಕಂಡೆ. ಹೆಮ್ಮೆ ಪಡಬೇಕಾದ ಗಳಿಗೆ. ಆದರೆ ನನ್ನೊಳಗೆ ಎದ್ದದ್ದು ಸಿಟ್ಟು. ಅಪ್ಪನ ತಪ್ಪೇನಿತ್ತು? ನಮ್ಮ ರೊಪ್ಪದಲ್ಲಿ, ಮನೆ ಹಿಂದಿನ ಆ ಬೇಲಿಯ ದೊಡ್ಡಿಯಲ್ಲಿ, ಇದ್ದದ್ದು ಅವ್ವನ ಕುರಿಗಳು. ಉಳಿದ ಮಂದೆಯನ್ನು ಬೇರೆ ಗಾಡಿಯಲ್ಲಿ ಕೊರಟಗೆರೆಗೆ ಮುಟ್ಟಿಸಿ ಮೂರನೆಯ ದಿನ ಜುಂಜಣ್ಣ ಬಂದಾಗ ಅವ್ವ ರೊಪ್ಪಕ್ಕೆ ಇಳಿದು, ಒಳ್ಳೆಯವನ್ನು ತಾನೇ ಆರಿಸಿ ಕೊಟ್ಟಳು. ಅವನು ಸಣಕಲಾದ ಒಂದನ್ನು ಹಿಡಿದರೆ ಅವಳು ಬಿಡಿಸಿ ಬೇರೆಯದನ್ನು ಹಿಡಿಸಿದಳು. ಅವನು ಹೋದ ಮೇಲೆ ಬರಿದಾದಂತಿದ್ದ ರೊಪ್ಪವನ್ನು ಗುಡಿಸುತ್ತಾ ಬಹಳ ಹೊತ್ತು ಅಲ್ಲೇ ಇದ್ದಳು.

ಅಷ್ಟರಲ್ಲಿ ಲಾರಿಯನ್ನು ಇನ್ನೊಂದು ಲಾರಿಗೆ ಕಟ್ಟಿ ಸಿರಾಕ್ಕೆ ಎಳೆಸಿದ್ದೆವು. ಮಾಮ ಎಂಜಿನ್ ಬಿಚ್ಚಿ, ಮುರಿದ ಭಾಗವನ್ನು ಗೋಣಿಯ ಮೇಲೆ ಇಟ್ಟರು. ಒಂದು ಲೈನರಿನ ಕಾಲರ್ ಪೂರಾ ಉಂಗುರದಂತೆ ಕತ್ತರಿಸಿ ಬೇರೆಯಾಗಿತ್ತು. ಹಿಡಿತ ತಪ್ಪಿದ ಕೊಳವೆ ಕೆಳಕ್ಕೆ ಜಾರಿ, ನೀರೆಲ್ಲ ಒಳನುಗ್ಗಿತ್ತು. ನಾನು ಆ ಉಂಗುರವನ್ನು ಕೇಳಿ ತೆಗೆದುಕೊಂಡು ಮನೆಗೆ ಬಂದೆ. ಗಡಿಗೆಯನ್ನು ಇಳಿಸಿ, ಅವ್ವ ಕೆಳಗಿಟ್ಟಿದ್ದ ಹಳೆಯ ಲೈನರಿನ ಪಕ್ಕಕ್ಕೆ ಅದನ್ನು ಹಿಡಿದೆ. ಹೊರಗಿನಿಂದ ಎರಡರ ಅಂಚೂ ಒಂದೇ ದಪ್ಪ. ಅಂಚಿನ ಕೆಳಗೆ, ಕೊಳವೆಯ ಕೊರಳು ಶುರುವಾಗುವ ಜಾಗದಲ್ಲಿ, ಹಳೆಯದು ಹೆಬ್ಬೆರಳಿಗೆ ತುಂಬಿ ಸಿಗುತ್ತಿತ್ತು. ಹೊಸದರಲ್ಲಿ ಅಲ್ಲಿ ಆಳವಾದ ಗೀರು, ತೆಳುವಾದ ಲೋಹ. ಎರಡೂ ಒಂದೇ ಎಂದಿದ್ದರು ಮಾಲೀಕರು. ಎರಡೂ ಒಂದೇ ಆಗಿರಲಿಲ್ಲ.

ಮರುದಿನ ಆ ಹಳೆಯ ಲೈನರನ್ನು ಕಂಕುಳಲ್ಲಿ, ಮುರಿದ ಉಂಗುರವನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋದೆ. ಎರಡನ್ನೂ ಗಲ್ಲಾದ ಮೇಲಿಟ್ಟು ಆದದ್ದನ್ನೆಲ್ಲ ಹೇಳಿದೆ. ಟರ್ಬೋ ಗಾಡಿಯೆಂದು ಹೇಳಿಯೂ ಸಾದಾ ಎಂಜಿನ್ನಿನ ಮಾಲು ಕೊಟ್ಟಿರಿ, ಇದಕ್ಕೆ ನೀವು ಉತ್ತರ ಹೇಳಬೇಕು ಎಂದೆ. ಮಾಲೀಕರು ಉಂಗುರವನ್ನು ಮುಟ್ಟಲೂ ಇಲ್ಲ.

“ನೋಡಮ್ಮ, ನಾನೇನು ಕಣ್ ಕಟ್ಟಿ ಕೊಟ್ನಾ? ನಿಮ್ ಸಾಬ್ರು ಇಲ್ಲೇ ನಿಂತ್ಕಂಡು ನಾದ ನೋಡಿದ್ರು, ತಲೆ ಅಲ್ಲಾಡ್ಸಿದ್ರು, ತಗೊಂಡ್ ಹೋದ್ರು. ಇಡೀ ಅಂಗಡಿ ನೋಡೈತೆ.”

ನಾದ ಒಡಕನ್ನು ಹೇಳುತ್ತದೆ, ಯಾವ ಎಂಜಿನ್ನಿಗೆ ಮಾಡಿದ್ದು ಎಂಬುದನ್ನು ಹೇಳುತ್ತದೆಯೇ ಎಂದು ಕೇಳಿದೆ. ಅದನ್ನು ಹೇಳಬೇಕಾದವರು ಮಾರುವವರು, ಡಬ್ಬದ ಮೇಲೆ ಬರೆಯಬೇಕಾದವರು ಮಾಡುವವರು. ಗ್ರಾಹಕರ ವೇದಿಕೆಗೆ ದೂರು ಕೊಡುತ್ತೇನೆ ಎಂದೂ ಹೇಳಿದೆ. ಬಿಲ್ ಇದೆಯಾ ಎಂದು ಅವರು ಶಾಂತವಾಗಿಯೇ ಕೇಳಿದರು. ಇರಲಿಲ್ಲ. ಆದರೂ ನಾನು ದನಿ ತಗ್ಗಿಸಲಿಲ್ಲ. ಅಂಗಡಿಯ ಮುಂದೆ ಜನ ಸೇರಿದರು. ಮಾತು ಬೀದಿಗೆ ಬಂದ ಮೇಲೆ ಗ್ಯಾರೇಜ್ ಸಾಲಿನ ಹಿರಿಯರು ಸುಮ್ಮನಿರಲಾಗಲಿಲ್ಲ. ಸಂಜೆ ಟೀ ಅಂಗಡಿಯ ಮುಂದೆ ಕೂತು ತೀರ್ಮಾನಿಸುವುದೆಂದಾಯಿತು.

ಅಂತೂ ಪ್ರಶ್ನೆ ಎತ್ತಲು ಒಂದು ಜಾಗ ಸಿಕ್ಕಿತೆಂದು ನಾನು ಗೆದ್ದವಳಂತೆ ಹೋದೆ. ಅಲ್ಲಿ ಬೆಂಚುಗಳ ಮೇಲೆ ನಾಲ್ಕಾರು ಮೇಸ್ತ್ರಿಗಳು, ಕುರ್ಚಿಯ ಮೇಲೆ ಮಾಲೀಕರು. ಮಾಮ ನಿಂತೇ ಇದ್ದರು. ನಾನು ಎರಡೂ ಲೋಹಗಳನ್ನು ಮುಂದಿಟ್ಟೆ. ಅವರು ಕೈಯಿಂದ ಕೈಗೆ ಸಾಗಿಸಿ ನೋಡಿದರು, ಕೊರಳು ತೆಳುವಾಗಿದೆ ಎಂಬುದನ್ನು ಒಪ್ಪಿದರು. ಆದರೆ ಹಿರಿಯ ಮೇಸ್ತ್ರಿ ಮಾಲೀಕರತ್ತ ತಿರುಗಲಿಲ್ಲ. ಮಾಮನತ್ತ ತಿರುಗಿದರು.

“ನಾದ ನೋಡ್ದೇನಪ್ಪ ಕಲಂದರ್?”

“ನೋಡ್ದೆ.”

“ಒಪ್ಕಂಡೆಯಾ?”

“ಒಪ್ಕಂಡೆ,” ಎಂದರು ಮಾಮ.

ನಾನು ಎದ್ದು ನಿಂತೆ. ಟರ್ಬೋದ್ದೇ ಕೊಡಿ ಎಂದು ಇವರು ಕೇಳಿದ್ದನ್ನು ನಾನು ಕೇಳಿದ್ದೇನೆ, ಅಪ್ಪನೂ ಕೇಳಿದ್ದಾರೆ, ಅದಕ್ಕೆ ಬಂದ ಉತ್ತರವನ್ನೂ ಕೇಳಿದ್ದೇವೆ, ಆ ಉತ್ತರ ಸುಳ್ಳು, ಆ ಸುಳ್ಳಿಗೆ ಯಾರು ಹೊಣೆ ಎಂದು ಒಂದೇ ಉಸಿರಿಗೆ ಕೇಳಿದೆ. ಯಾರೂ ನನ್ನನ್ನು ಗದರಿಸಲಿಲ್ಲ. ಗದರಿಸಿದ್ದರೆ ಚೆನ್ನಾಗಿತ್ತು. ಹಿರಿಯ ಮೇಸ್ತ್ರಿ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದರು, ಒಪ್ಪಿದ ಮಾಲಿಗೆ ಅಂಗಡಿಯವರನ್ನು ಹಿಡಿದರೆ ನಾಳೆಯಿಂದ ಯಾವ ಮೇಸ್ತ್ರಿಯ ತಲೆಯಾಡಿಸುವಿಕೆಗೂ ಬೆಲೆಯಿರುವುದಿಲ್ಲ ಎಂದು. ಮಾಮ ನನ್ನತ್ತ ಕೈಯೆತ್ತಿದರು.

“ಬುಡು ಕಣಮ್ಮ. ನಾನೇ ಮಾಡಿಕೊಡ್ತೀನಿ.”

ಅಪ್ಪ ಕೂಡ ತಲೆ ತಗ್ಗಿಸಿಕೊಂಡು ಒಪ್ಪಿದರು. ಲಾರಿ ನಿಂತರೆ ನಮ್ಮ ಮನೆ ನಡೆಯುವುದಿಲ್ಲ. ಅವರ ಒಪ್ಪಿಗೆಯನ್ನು ನಾನು ದೂರಲಾರೆ, ಕ್ಷಮಿಸಲೂ ಆಗಿಲ್ಲ. ಮಾಲೀಕರು ಎಲ್ಲರ ಟೀಯ ದುಡ್ಡು ತಾವೇ ಕೊಟ್ಟು ಎದ್ದು ಹೋದರು.

ಜನ ಚದುರಿದ ಮೇಲೆ ನಾನು ಮಾಮನ ಶೆಡ್ಡಿಗೆ ಹೋಗಿ, ಯಾಕೆ ಒಪ್ಪಿಕೊಂಡಿರಿ, ನೀವು ಟರ್ಬೋ ಎಂದು ಹೇಳಲಿಲ್ಲವೇ ಎಂದು ಕೇಳಿದೆ. ಅವರು ಕೈಗೆ ಮೆತ್ತಿದ ಗ್ರೀಸನ್ನು ಬಟ್ಟೆಯಿಂದ ಒರೆಸಿಕೊಳ್ಳುತ್ತಲೇ ಇದ್ದರು.

“ಹೇಳ್ದೆ ಕಣಮ್ಮ. ಅವ್ರು ಎರಡೂ ಒಂದೇ ಅಂದ್ರು. ಅಂಗಂದ್ ಮ್ಯಾಲೆ ನಾನು ಬಡೀಬಾರ್ದಾಗಿತ್ತು. ಬಡಿದ್ಬುಟ್ಟೆ. ಚೆನ್ನಾಗಿ ಕೂಗ್ತು. ಕೂಗಿದ್ದನ್ನ ಕೂಗ್ಲಿಲ್ಲ ಅನ್ನಾಕೆ ಆಯ್ತದಾ?”

ಅವರು ಕಂಪನಿಯ ಲೈನರುಗಳನ್ನೇ ತಮ್ಮ ದುಡ್ಡಿನಲ್ಲಿ ತರಿಸಿ ಹಾಕಿದರು. ಈ ಸಲ ಡಬ್ಬದ ಮೇಲೆ ಎಲ್ಲವೂ ಬರೆದಿತ್ತು. ಲಾರಿ ಇಂದಿಗೂ ಚೆನ್ನಾಗಿ ಓಡುತ್ತಿದೆ. ಆದರೆ ಆ ಖರ್ಚಿನ ಸಾಲ ತೀರಿಸಲಾಗದೆ, ಮಳೆಗಾಲ ಮುಗಿಯುವ ಹೊತ್ತಿಗೆ ಮಾಮನ ಶೆಡ್ಡಿನ ತಗಡಿನ ಬಾಗಿಲು ಮುಚ್ಚಿತ್ತು. ಅಲ್ಲಿ ಈಗ ಪಂಕ್ಚರ್ ಅಂಗಡಿಯಿದೆ.

ನಾನು ಅಂಗಡಿಯವರನ್ನು ಪ್ರಶ್ನಿಸಿದ್ದು ತಪ್ಪೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಕಾಡುವುದು ಬೇರೆಯೇ ಒಂದು ಮಾತು. ಜುಂಜಣ್ಣನ ಕುರಿಗಳಿಗೆ ಅಪ್ಪ ಹೊಣೆಯಾದರು. ಅಪ್ಪನ ಎಂಜಿನ್ನಿಗೆ ಮಾಮ ಹೊಣೆಯಾದರು. ಕೇಳಿದವರಿಗೆ ಇಲ್ಲವೆನ್ನಲಾರದವರ ಬಳಿ ನಮ್ಮ ನ್ಯಾಯ ಬಂದು ನಿಲ್ಲುತ್ತದೆ. ಇಲ್ಲವೆನ್ನಬಲ್ಲವರ ಮನೆಯ ಮೆಟ್ಟಿಲನ್ನು ಅದು ಹತ್ತುವುದೇ ಇಲ್ಲ. ಇದನ್ನು ನಾವು ದೊಡ್ಡತನ ಎಂದು ಕೊಂಡಾಡುತ್ತೇವೆ. ಮಾತಿಗೆ ತಪ್ಪದ ಮನುಷ್ಯ ಎಂದು ಹೊಗಳಿ, ಅವನ ಶೆಡ್ಡು ಮುಚ್ಚಿದಾಗ ನಿಟ್ಟುಸಿರು ಬಿಡುತ್ತೇವೆ. ವಿಳಾಸವಿಲ್ಲದ ಡಬ್ಬದಲ್ಲಿ ಮಾಲು ತುಂಬಿ ಕಳಿಸಿದವನು ಯಾರು? ಎರಡೂ ಒಂದೇ ಎಂದು ನಗುತ್ತಾ ಹೇಳಿದವರ ಬಾಯಿಗೆ ಬೆಲೆಯಿಲ್ಲದೆ, ಕೇಳಿಸಿಕೊಂಡವನ ಕಿವಿಗೆ ಮಾತ್ರ ಬೆಲೆ ಕಟ್ಟಿದ ನ್ಯಾಯ ಎಂಥದು? ಇಂಥ ಮಾಲು ಅಂಗಡಿಗೆ ಬರುವುದನ್ನು ನೋಡಬೇಕಾದ ಇಲಾಖೆ ಯಾವುದು? ಇದನ್ನೇ ಕೇಳಿ ಸರ್ಕಾರಕ್ಕೆ ನಾನು ಬರೆದ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಬಿಲ್ಲಿನ ಮೇಲೆ ‘ಟರ್ಬೋ ಎಂಜಿನ್ನಿಗೆ’ ಎಂಬ ಎರಡು ಪದ ಬರೆದುಕೊಡಿ ಎಂಬುದಷ್ಟೇ ನನ್ನ ಬೇಡಿಕೆ. ಅಷ್ಟು ಬರೆಯುವ ಕೈ ಹೊಣೆಗೂ ಸಿಗುತ್ತದೆ. ಅದಕ್ಕಾಗಿಯೇ ಯಾರೂ ಬರೆಯುವುದಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ, ಲಾರಿಗೆ ಡೀಸೆಲ್ ಫಿಲ್ಟರ್ ತರಲು ಅಪ್ಪ ನನ್ನನ್ನು ಸಿರಾಕ್ಕೆ ಕಳಿಸಿದರು. ಬೇರೆ ಅಂಗಡಿಗಳಲ್ಲಿ ಸಿಗಲಿಲ್ಲ. ಕಾಲಿಡಬಾರದೆಂದುಕೊಂಡಿದ್ದ ಆ ಅಂಗಡಿಗೇ ಹೋಗಬೇಕಾಯಿತು. ಹೊರಗಿರುವಾಗಲೇ ಆ ಸದ್ದು ಕೇಳಿತು. ಒಳಗೆ ಗಲ್ಲಾದ ಪಕ್ಕ ಸ್ಟೂಲಿನ ಮೇಲೆ ಕಲಂದರ್ ಮಾಮ ಕೂತಿದ್ದರು. ಕೈಯಲ್ಲಿ ದಾರ, ದಾರದ ತುದಿಯಲ್ಲಿ ಲೈನರ್. ಅವರು ಆ ಅಂಗಡಿಗೆ ಕೆಲಸಕ್ಕೆ ಸೇರಿ ಕೆಲವು ತಿಂಗಳಾಗಿತ್ತಂತೆ. ಅಪ್ಪನಿಗೆ ಗೊತ್ತಿತ್ತು, ನನಗೆ ಹೇಳಿರಲಿಲ್ಲ.

ಮುಂದೆ ಪಾವಗಡದ ಕಡೆಯ ಟ್ರ್ಯಾಕ್ಟರಿನವರೊಬ್ಬರು ನಿಂತಿದ್ದರು. ಮಾಮ ಅವರನ್ನು ಕೇಳುತ್ತಿದ್ದರು, “ಟರ್ಬೋನಾ, ಸಾದಾನಾ? ಸರ್ಯಾಗಿ ನೋಡ್ಕಂಡ್ ಹೇಳಪ್ಪ.” ಟರ್ಬೋ ಎಂದು ಅವರು ಹೇಳಿದಾಗ ಮಾಮ ಎದ್ದು ಹೋಗಿ ಬೇರೊಂದು ಡಬ್ಬ ತಂದು, ಅದರೊಳಗಿನದನ್ನು ಹೊರತೆಗೆದು, ಕೊರಳಿನ ಸುತ್ತ ಹೆಬ್ಬೆರಳು ಆಡಿಸಿ, ಆಮೇಲೆ ದಾರ ಕಟ್ಟಿದರು. ಅಂದು ಮಾಲೀಕರು ನೋಡಬೇಕಿದ್ದದ್ದನ್ನು ಇಂದು ಅವರ ಪರವಾಗಿ ಮಾಮ ನೋಡುತ್ತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು. ಅಪ್ಪ ಹೇಗಿದ್ದಾರೆ, ಎಂಜಿನ್ ಹೇಗಿದೆ, ಅವ್ವನ ರೊಪ್ಪದಲ್ಲಿ ಮತ್ತೆ ಮರಿಗಳಾದವೇ ಎಂದು ವಿಚಾರಿಸಿದರು. ಚೆನ್ನಾಗಿದೆ, ಆಗಿವೆ ಎಂದೆ. ಮಾಲೀಕರ ಮುಂದೆ ದುಡ್ಡಿಟ್ಟು ಫಿಲ್ಟರ್ ತೆಗೆದುಕೊಂಡೆ.

ಆದರೆ ಟ್ರ್ಯಾಕ್ಟರಿನವರು ದುಡ್ಡು ಎಣಿಸಲು ಹೊರಟಾಗ ನಾನು ಸುಮ್ಮನಿರಲಾರದೆ, “ಅಣ್ಣ, ಬಿಲ್ ತಗೊಳ್ಳಿ. ಟರ್ಬೋಗೆ ಅಂತ ಅದ್ರಲ್ಲಿ ಬರೆಸ್ಕೊಳ್ಳಿ,” ಎಂದೆ.

ಮಾಲೀಕರು ಪೆನ್ನನ್ನು ಮುಟ್ಟದೆ ನನ್ನನ್ನು ನೋಡಿದರು. ಮಾಮ ಕೈಯಲ್ಲಿದ್ದ ಲೈನರನ್ನು ತೂಗಾಡದಂತೆ ಹಿಡಿದುಕೊಂಡರು. ಟ್ರ್ಯಾಕ್ಟರಿನವರಿಗೆ ನನ್ನ ಮಾತು ಅರ್ಥವೇ ಆಗಲಿಲ್ಲವೆಂದು ತೋರುತ್ತದೆ.

“ಬಿಲ್ ಯಾಕಮ್ಮ?” ಎಂದರು ಅವರು, ಸಮಾಧಾನವಾಗಿ. “ಸಾಬ್ರು ನೋಡವ್ರಲ್ಲ.”

ಮಾಲೀಕರು ನಕ್ಕರು, ಹಿಂದಿನ ವರ್ಷ ನಕ್ಕಿದ್ದಂತೆಯೇ. ಮಾಮ ನನ್ನ ಕಣ್ಣು ತಪ್ಪಿಸಿ ಸ್ಪ್ಯಾನರ್ ಎತ್ತಿಕೊಂಡರು. ನಾನು ಫಿಲ್ಟರ್ ಹಿಡಿದು ಬೀದಿಗಿಳಿದೆ. ಹಿಂದಿನಿಂದ ಆ ನಾದ ಬಂತು. ತುಂಬು ನಾದ, ಎಲ್ಲಿಯೂ ಒಡಕಿಲ್ಲ. ಅದು ಅಡಗಿದ ಮೇಲಿನ ನಿಶ್ಶಬ್ದದಲ್ಲಿ ಅವರು ತಲೆಯಾಡಿಸಿರಬೇಕು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಅವರು ನೋಡಿ ಕೊಡುವ ಮಾಲು ಕೆಡದಿರಲಿ ಎಂದು ಅಂದಿನಿಂದ ಬೇಡಿಕೊಳ್ಳುತ್ತಿದ್ದೇನೆ. ಕೆಟ್ಟರೆ ಹೊಣೆ ಯಾರ ಹೆಗಲಿಗೆ ಬೀಳುತ್ತದೆಂಬುದು ನನಗೆ ಗೊತ್ತಿದೆ.